ಆಣೆ ಇಡದ ಮುಜಿಂಗಾ

ಮುಜಿಂಗಾಳನ್ನು ಮಣ್ಣು ಮಾಡಿದ ದಿನ ರಾಜಧಾನಿ ಕಿನ್ಶಾಸಾದಿಂದ ಬಂದ ನಮ್ಮ ಮೆನ್ನೋನೈಟ್ ಕ್ರೈಸ್ತ ಸಭೆಯ ಹಿರಿಯರು ಅವಳನ್ನು ಶಾಂತಿಯ ತಾಯಿ ಎಂದು ಹೊಗಳಿದರು. ನನಗೆ ಮೈ ಉರಿದುಹೋಯಿತು. ಸತ್ತವರನ್ನು ಅಟ್ಟಕ್ಕೇರಿಸುವುದು ಸುಲಭ. ಆಯುಧ ಹಿಡಿಯಬೇಡ, ಆಣೆ ಇಡಬೇಡ ಎಂದು ಅವಳಿಗೆ ದೀಕ್ಷಾಸ್ನಾನದ ಪಾಠ ಹೇಳಿಕೊಟ್ಟವನು ನಾನು. ಆ ಶಾಂತಿಗೆ ಬೆಲೆ ತೆತ್ತವರು ಯಾರೆಂದು ನನಗೆ ಗೊತ್ತು.

ಲುಲುವಾ ನದಿಯ ಎರಡು ದಡದವರ ಹೊಡೆದಾಟ ಶುರುವಾದಾಗ ಕೆನಡಾದಿಂದ ಬಂದಿದ್ದ ಮಿಷನ್ ದಂಪತಿ ವಿಮಾನ ಹತ್ತಿದರು. ಹತ್ತದೆ ಏನು ಮಾಡಿಯಾರು, ಮಕ್ಕಳೊಂದಿಗರು. ನದಿಯಾಚೆ, ವೈರಿಗಳ ದಡದಲ್ಲಿ ಅವರು ಅರ್ಧಕ್ಕೆ ಬಿಟ್ಟ ಪ್ರಾರ್ಥನಾ ಮಂದಿರವನ್ನು ಮುಜಿಂಗಾ ಕೈಗೆತ್ತಿಕೊಂಡಳು.

"ಹಾವಿನ ಹುತ್ತಕ್ಕೆ ಕೈ ಹಾಕ್ತಿದೀಯ" ಎಂದೆ.

"ಆ ಹುತ್ತದಲ್ಲೂ ಹಸಿದೋರಿದಾರೆ ಮೇಷ್ಟ್ರೇ" ಎಂದಳು.

ಅವಳ ಅಕ್ಕ ಬಿತೋತಾಳ ಒಬ್ಬನೇ ಮಗ ಲುಕೂಸಾ ಚಿಕ್ಕಮ್ಮನ ಜೊತೆಗೆ ಹೋಗಿ ಇಟ್ಟಿಗೆಗೆ ಮಣ್ಣು ತುಳಿಯುತ್ತಿದ್ದ.

ಒಂದು ಸಂತೆಯ ದಿನ ಆಚೆ ದಡದ ಜೋಳದ ಕಣಜಕ್ಕೆ ಬೆಂಕಿ ಬಿತ್ತು. ಕಾವಲಿನವನು ಸುಟ್ಟುಹೋದ. ಆ ಸುತ್ತಿನಲ್ಲಿ ನಮ್ಮ ಕಡೆಯ ಗಂಡಸೆಂದರೆ ಲುಕೂಸಾ ಒಬ್ಬನೇ. ಹಿಡಿದರು. ಬೆಳಗಿನಿಂದ ಸಂಜೆಯವರೆಗೆ ಅವನು ಮಣ್ಣು ತುಳಿಯುತ್ತಿದ್ದುದನ್ನು ಕಂಡವಳು ಮುಜಿಂಗಾ ಮಾತ್ರ. ಉಳಿದವರೆಲ್ಲ ಸಂತೆಗೆ ಹೋಗಿದ್ದರು.

ಆಚೆ ದಡದ ದೊರೆ ಅಂಗಳದಲ್ಲಿ ನ್ಯಾಯಕ್ಕೆ ಕೂತ. ಮುಜಿಂಗಾಳ ಜೊತೆ ಬಿತೋತಾಳೂ ನಾನೂ ನದಿ ದಾಟಿ ಹೋಗಿದ್ದೆವು. ಮುಜಿಂಗಾ ಹೇಳಿದ್ದನ್ನೆಲ್ಲ ಅವನು ಕೇಳಿದ.

"ಸರಿಯಮ್ಮ. ಬೆರಳಲ್ಲಿ ಮಣ್ಣು ತಗೊಂಡು ನಾಲಿಗೆಗೆ ಹಚ್ಚು. ನಿನ್ನ ಸತ್ತ ಹಿರೀಕರ ಮೇಲೆ ಆಣೆ ಇಡು. ಈಗ್ಲೇ ಬಿಟ್ಟುಬಿಡ್ತೀನಿ ಇವನ್ನ."

"ನಾವು ಆಣೆ ಇಡೋರಲ್ಲ ದೊರೆ. ಕಂಡಿದ್ದನ್ನೇ ಹೇಳಿದೀನಿ. ಇವತ್ತು ಆಣೆ ಇಟ್ರೆ, ಇಡದೆ ಆಡಿದ ಮಾತೆಲ್ಲ ಸುಳ್ಳು ಅಂದಂಗಾಗುತ್ತೆ."

ಬಿತೋತಾ ತಂಗಿಯ ಕಾಲು ಹಿಡಿದಳು. "ಒಂದು ಚಿಟಿಕೆ ಮಣ್ಣು ಕಣೇ! ನನ್ನ ಮಗನಿಗಿಂತ ನಿನ್ನ ನಾಲಿಗೆ ಹೆಚ್ಚಾಯ್ತಾ?"

ಮುಜಿಂಗಾ ನನ್ನ ಕಡೆ ನೋಡಿದಳು. ನಾನು "ಇಡು" ಎಂದಿದ್ದರೆ ಇಡುತ್ತಿದ್ದಳೋ ಏನೋ. ಪಾಠ ಹೇಳಿದ ಬಾಯಿಗೆ ಅಷ್ಟು ಹೇಳಲು ಧೈರ್ಯ ಬರಲಿಲ್ಲ. ನೆಲ ನೋಡಿದೆ. ಹೇಡಿ ನಾನು.

"ಆಣೆ ಇಡದ ಮಾತು ಸಾಕ್ಷಿಯಲ್ಲ" ಎಂದ ದೊರೆ.

ಲುಕೂಸಾನನ್ನು ಪಟ್ಟಣದ ಜೈಲಿಗೆ ಕಳಿಸಿದರು. ಐದನೆಯ ತಿಂಗಳು ರಕ್ತಭೇದಿಯಾಗಿ ಸತ್ತ. ಆಮೇಲೆ ಕಣಜ ಸುಟ್ಟವನು ಕುಡಿದ ಅಮಲಿನಲ್ಲಿ ತಾನೇ ಬಾಯಿಬಿಟ್ಟ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು? ಮುಜಿಂಗಾ ಮಂದಿರ ಕಟ್ಟಿ ಮುಗಿಸಿದಳು. ಅವಳು ನಕ್ಕಿದ್ದನ್ನು ಮತ್ತೆ ಯಾರೂ ಕಾಣಲಿಲ್ಲ.

ಮೂರು ವರ್ಷದ ಮೇಲೆ ಎರಡೂ ದಡದವರು ಸೋತು ಸುಣ್ಣವಾಗಿ ಸಂಧಾನಕ್ಕೆ ಕೂತರು. ಇವರ ಆಣೆ ಅವರು ನಂಬರು, ಅವರದು ಇವರು ನಂಬರು. ಕೊನೆಗೆ ಅದೇ ದೊರೆ ಎದ್ದು ನಿಂತ.

"ಅಕ್ಕನ ಮಗನಿಗೋಸ್ಕರವೂ ಆಣೆ ಇಡದೋಳು ಒಬ್ಬಳಿದಾಳೆ. ನಿಮ್ಮ ದಡದೋರು ಇನ್ನು ಕೈ ಎತ್ತಲ್ಲ ಅಂತ ಅವಳು ಬರೀ ಬಾಯಲ್ಲಿ ಹೇಳ್ಲಿ, ನಮಗೆ ಸಾಕು."

ಮುಜಿಂಗಾ ಹೇಳಿದಳು. ಹೆಂಗಸರು ಸಂತೋಷಕ್ಕೆ ಕೇಕೆ ಹಾಕಿದರು, ಗಂಡಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆಗ ಹಿಂದಿನ ಸಾಲಿನಿಂದ ಬಿತೋತಾ ಎದ್ದಳು.

"ನನ್ನ ಮಗನ ಬಗ್ಗೆ ಹೇಳಿದ್ದೂ ಇದೇ ಬಾಯಿ ಅಲ್ವೇನ್ರಯ್ಯಾ? ಅವತ್ತು ಯಾಕೆ ಸಾಕಾಗ್ಲಿಲ್ಲ?"

ಒಪ್ಪಂದವೇನೋ ಇಂದಿಗೂ ಮುರಿದಿಲ್ಲ. ಆ ಅಕ್ಕತಂಗಿಯರು ಮಾತ್ರ ಮತ್ತೆ ಒಂದೇ ತಟ್ಟೆಯ ಮುದ್ದೆಗೆ ಕೈ ಹಾಕಲಿಲ್ಲ.