ಫ್ಲ್ಯಾಶ್ ಹಾಕದ ಡಾಕ್ಟರು

ಹಗಲೆಲ್ಲ ಕಂಡವರ ಬಾಯೊಳಗೆ ದೀಪ ಹಿಡಿಯುವ ಹಲ್ಲಿನ ಡಾಕ್ಟರು ಸಂಜೆ ಕೆರೆಯಂಚಿನ ಪೊದೆಯ ಮರೆಯಲ್ಲಿ ನರಿಯೊಂದರತ್ತ ಕ್ಯಾಮೆರಾ ಹಿಡಿದು ಬೆಳಕಿಗಾಗಿ ಪರದಾಡುವುದನ್ನು ನೋಡಬೇಕು. ಪಕ್ಕದಲ್ಲಿ ಫ್ಲಾಸ್ಕ್ ಹಿಡಿದು ಕೂರುವ ಹೆಂಡತಿಗೆ ಅವರ ಗೊಣಗಾಟವೆಲ್ಲ ಬಾಯಿಪಾಠ. ಶಟರ್ ನಿಧಾನ ಮಾಡಿದರೆ ನರಿ ಹೊಗೆಯಾಗುತ್ತದೆ, ಚುರುಕು ಮಾಡಿದರೆ ನರಿಯೂ ಕತ್ತಲೆ, ಪೊದೆಯೂ ಕತ್ತಲೆ. ಕೊನೆಗೆ ಮಂದ ಬೆಳಕನ್ನೂ ಹಿಗ್ಗಿಸುವ ಐಎಸ್‌ಒ ಏರಿಸಿದರೆ ಚಿತ್ರದ ತುಂಬ ಮರಳು ಎರಚಿದಂತಾಗುತ್ತದೆ. ಅಷ್ಟರಲ್ಲಿ ನರಿ ಎರಡು ಸಲ ಆಕಳಿಸಿ ಎದ್ದು ಹೊರಟಿರುತ್ತದೆ. "ಒಂದ್ನಿಮಿಷ, ಹಾಗೇ ಇರಿ, ನೋವಾಗಲ್ಲ" ಎಂದು ಅದನ್ನೂ ಬಹುವಚನದಲ್ಲೇ ಪಿಸುಗುಟ್ಟಿ ಬೇಡಿಕೊಳ್ಳುತ್ತಾರೆ. "ರೀ, ಒಂದು ಫ್ಲ್ಯಾಶ್ ಹಾಕಬಾರ್ದಾ?" ಎಂದು ಹೆಂಡತಿ ಕೇಳಿದರೆ, ಆಗ ಮಾತ್ರ ಡಾಕ್ಟರಿಗೆ ಕಿವಿ ಕೇಳಿಸುವುದಿಲ್ಲ. ಮನೆಯ ಗೋಡೆಯ ತುಂಬ ಇಂಥವೇ ಹದಿನಾಲ್ಕು ಮರಳು ಚಿತ್ರಗಳು. ಬಂದ ನೆಂಟರು ಒಂದನ್ನು ಮೋಡವೆಂದರು, ಇನ್ನೊಂದನ್ನು ಮಾವನವರ ಕಂಬಳಿಯೆಂದರು, ಎಲ್ಲರಿಗಿಂತ ಜೋರಾಗಿ ನಕ್ಕವಳು ಹೆಂಡತಿಯೇ. ಹೋದ ತಿಂಗಳು ಕತ್ತರಿ ಹುಡುಕುತ್ತ ಅವರ ಮೇಜಿನ ಡ್ರಾಯರ್ ಎಳೆದಾಗ ಆಕೆಗೊಂದು ಹಳೆಯ ಫೋಟೊ ಸಿಕ್ಕಿತು: ಮರದ ಪೊಟರೆಯಲ್ಲಿ ಕಾವು ಕೂತ ಗೂಬೆ, ಒಂದೊಂದು ಗರಿಯನ್ನೂ ಎಣಿಸುವಷ್ಟು ಸ್ಪಷ್ಟ, ಫ್ಲ್ಯಾಶ್ ಬಿದ್ದು ಕಣ್ಣೆರಡೂ ಬೆಳ್ಳಗಾಗಿದ್ದವು. ಹಿಂಬದಿಯಲ್ಲಿ ಡಾಕ್ಟರ ಕೈಬರಹ: "ಹೆದರಿ ಹಾರಿಹೋಯಿತು. ಮೂರು ದಿನ ಕಾದೆ, ವಾಪಸ್ ಬರಲಿಲ್ಲ. ಮೊಟ್ಟೆಗಳು ತಣ್ಣಗಾಗಿದ್ದವು." ಆಕೆ ಅದನ್ನು ಇದ್ದಲ್ಲೇ ಇಟ್ಟಳು. ಈಗ ನೆಂಟರು ಗೋಡೆಯೆದುರು ನಿಂತು ತಲೆ ಕೆರೆದುಕೊಂಡರೆ, "ಸ್ವಲ್ಪ ಹೊತ್ತು ನೋಡಿ, ನರಿ ಕಾಣುತ್ತೆ. ನಾವು ಅಲ್ಲಿದ್ದದ್ದೇ ಅದಕ್ಕೆ ಗೊತ್ತಿಲ್ಲ" ಅನ್ನುತ್ತಾಳೆ.