ಬಾಲ್ಕನಿಯ ತಟ್ಟೆ

ನಮ್ಮ ಮನೆಗೆಲಸದವಳಿಗೆ ಬೇರೆ ತಟ್ಟೆ, ಬೇರೆ ಲೋಟ ಎಂದು ಗೊತ್ತು ಮಾಡಿದವರು ಅತ್ತೆ. ಪುಣೆಯ ಮಗರಪಟ್ಟಾದ ಈ ಹನ್ನೊಂದನೆಯ ಮಹಡಿಗೆ ಬಂದ ವಾರದಲ್ಲೇ ಬಾಲ್ಕನಿಯ ಮೂಲೆಯಲ್ಲಿ, ತುಳಸಿಗೆ ತಾಗದಷ್ಟು ದೂರದಲ್ಲಿ, ಒಂದು ಪುಟ್ಟ ಸ್ಟ್ಯಾಂಡ್ ಇಡಿಸಿದ್ದರು. ಕೆಲಸದವಳು ಕಸ ಗುಡಿಸಬಹುದು, ಪಾತ್ರೆ ತೊಳೆಯಬಹುದು, ಒಲೆಯ ಹತ್ತಿರ ಮಾತ್ರ ಬರಬಾರದು. ಸ್ಟ್ಯಾಂಡಿನ ಮೇಲೆ ಆ ತಟ್ಟೆ ಲೋಟ ಜೋಡಿಸಿಟ್ಟವಳು ನಾನೇ. ಕಾನ್ವೆಂಟಿನಲ್ಲಿ ಕಲಿತವಳು ನಾನು. ಅಲ್ಲಿ ನಮಗೆ ಮೊದಲು ಕಲಿಸಿದ್ದು ತುಟಿ ಮುಚ್ಚಿ ಅಗಿಯುವುದನ್ನು. ಬ್ರೆಡ್ಡು ಜಾಮು ತರುವ ಹುಡುಗಿಯರ ನಡುವೆ ಕೂತು ನನ್ನ ಪತ್ರೊಡೆಯನ್ನು ಡಬ್ಬಿಯ ಮುಚ್ಚಳದ ಮರೆಯಲ್ಲೇ ತಿಂದು ಮುಗಿಸುತ್ತಿದ್ದೆ. ಯಾವ ತಿನಿಸು ಎಲ್ಲಿ ಕೂರಬೇಕು ಎಂಬುದು ನನಗೆ ಏಳು ವರ್ಷಕ್ಕೇ ಗೊತ್ತಾಗಿತ್ತು.

ಉಣ್ಣುವುದನ್ನು ನೋಡಿ ಮನೆತನ ಹೇಳುವುದು ಅತ್ತೆಯ ಅಭ್ಯಾಸ. ಎಲೆಯಲ್ಲಿ ಮೊದಲು ಉಪ್ಪಿನಕಾಯಿಗೆ ಕೈ ಹಾಕಿದವರು ಬಡತನದಲ್ಲಿ ಬೆಳೆದವರು. ಸಾರನ್ನು ಸುರ್ ಎಂದು ಎಳೆಯುವವರು ಕೂಲಿ ಮಾಡಿ ಬಂದವರು. ಹಸಿ ಈರುಳ್ಳಿ ಕಚ್ಚುವವರ ಬಗ್ಗೆ ಮಾತೇ ಇಲ್ಲ. ಕೊಂಢವಾದಲ್ಲಿರುವ ನಮ್ಮ ಹೋಟೆಲಿಗೆ ಈರುಳ್ಳಿ ಮೂಟೆಗಟ್ಟಲೆ ಬರುತ್ತದೆ, ಮನೆಯೊಳಗೆ ಒಂದು ಗಡ್ಡೆಯೂ ಬಂದದ್ದಿಲ್ಲ. ಅತ್ತೆಯ ತವರು ಉಡುಪಿಯ ಕಡೆ. ಆ ಮನೆಯಲ್ಲಿ ನಾನೂ ಉಂಡಿದ್ದೇನೆ, ಅಲ್ಲಿಯೂ ಹಾಗೆಯೇ.

ಎರಡು ವರ್ಷದ ಹಿಂದೆ ಅವರಿಗೆ ಮರೆವು ಶುರುವಾಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ವಾರಗಳು, ಕಳೆದ ಬೇಸಿಗೆಯಲ್ಲಿ ಹಸಿವು. ಅನ್ನದ ತುತ್ತು ಹತ್ತಿರ ಬಂದರೆ ಮಗುವಿನ ಹಾಗೆ ಬಾಯಿ ಬಿಗಿಯುತ್ತಿದ್ದರು. ಗಂಜಿ, ಹಾಲು, ಬಾಳೆಹಣ್ಣಿನ ರಸಾಯನ, ಹೋಟೆಲಿನಿಂದ ಬಂದ ಬಿಸಿ ಇಡ್ಲಿ, ಯಾವುದೂ ಇಳಿಯಲಿಲ್ಲ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಇನ್ನು ಒಂದು ವಾರ ಹೀಗೇ ಆದರೆ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಹೋದರು.

ಆ ವಾರವೇ ಬಾಲ್ಕನಿಯ ಟೈಲ್ಸ್ ಕೀಳಿಸಿದ್ದೆವು. ಕೆಲಸದವಳು ತನ್ನ ಬುತ್ತಿಗಂಟನ್ನು ಎಲ್ಲಿಡಲಿ ಎಂದು ಕೇಳಿದಳು. ನಾನು ಊಟದ ಮೇಜಿನ ತುದಿ ತೋರಿಸಿದೆ. ಅವಳು ಬಚ್ಚಲು ತಿಕ್ಕುತ್ತಿದ್ದಳು, ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ. ಹೊರಗೆ ಠಪ್ ಎಂಬ ಶಬ್ದ. ಸ್ವಲ್ಪ ಬಿಟ್ಟು ಮತ್ತೆ, ಠಪ್.

ಹೋಗಿ ನೋಡಿದರೆ ಅತ್ತೆ ನೆಲದ ಮೇಲೆ ಕೂತಿದ್ದರು. ವರ್ಷದಿಂದ ಮಂಡಿ ಮಡಚಲಾಗದವರು ಒಂದು ಮೊಣಕಾಲು ಎತ್ತಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಗಂಟು ಬಿಚ್ಚಿತ್ತು. ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ, ಪಕ್ಕದಲ್ಲಿ ಶೇಂಗಾದ ಚಟ್ನಿಪುಡಿ, ಹಿಂಡಿ. ಎಡಗೈ ಮುಷ್ಟಿಯಿಂದ ಈರುಳ್ಳಿಯನ್ನು ಗುದ್ದಿ ಒಡೆದು, ಸಿಪ್ಪೆ ಕೊಡವಿ ಕಚ್ಚಿದರು. ಎಡಗೈ ಊಟಕ್ಕೆ ತಾಗಿದರೆ ಮಕ್ಕಳ ಬೆನ್ನಿಗೆ ಬಾರಿಸುತ್ತಿದ್ದವರು. ಕರ್ ಕರ್ ಎಂದು ಅಗಿಯುವ ಶಬ್ದ ಎಸಿಯ ಸದ್ದಿನ ಮೇಲೂ ಕೇಳುತ್ತಿತ್ತು. ಅವರ ಕಣ್ಣು ನನ್ನ ಮೇಲಿತ್ತು, ಆದರೆ ನೋಡುತ್ತಿದ್ದದ್ದು ನನ್ನನ್ನಲ್ಲ.

"ಹಿಂಡಿ ಭಾಳ ಛಲೋ ಅದ," ಅಂದರು. "ಇನ್ನೊಂದಿಷ್ಟು ನೀಡಬೇ."

ಅತ್ತೆಯ ಬಾಯಲ್ಲಿ ಈ ಕನ್ನಡವನ್ನು ನಾನು ಎಂದೂ ಕೇಳಿರಲಿಲ್ಲ. ದನಿ ಅವರದೇ, ಎಳೆತ ಬೇರೆ ಯಾರದೋ. ಬಚ್ಚಲಿನಿಂದ ಬಂದ ಕೆಲಸದವಳು ಒದ್ದೆ ಕೈಯಲ್ಲೇ ಗೋಡೆ ಹಿಡಿದು ನಿಂತಳು.

"ಅಕ್ಕಾರ," ಅಂದಳು ಮೆಲ್ಲಗೆ, "ನಮ್ಮವ್ವನೂ ಎಡಗೈಲೇ ಉಳ್ಳಾಗಡ್ಡಿ ಗುದ್ತಿದ್ಳು. ಕಲ್ಲು ಹೊತ್ತು ಬಂದು ಹಿಂಗೇ ಕುಂದರ್ತಿದ್ಳು. ಆಕಿ ಸತ್ತು ಭಾಳ ವರ್ಷ ಆತ್ರೀ."

"ಹೆದರಬೇಡ. ಕಾಯಿಲೆಯಲ್ಲಿ ಹೀಗೆಲ್ಲ ಆಗ್ತದೆ."

"ಬ್ಯಾನಿಗೆ ನಮ್ಮ ಮಾತು ಹ್ಯಾಂಗ ಬರ್ತದ್ರೀ?"

ಅಷ್ಟರಲ್ಲಿ ಅತ್ತೆ ಎರಡು ರೊಟ್ಟಿ ಮುಗಿಸಿದ್ದರು. ಕೆಲಸದವಳು ಅಂದು ಉಪವಾಸ ಮನೆಗೆ ಹೋದಳು. ನಾನು ಕೊಟ್ಟ ಅನ್ನ ಮುಟ್ಟಲಿಲ್ಲ.

ಇನ್ನು ಬರುವುದಿಲ್ಲವೇನೋ ಅಂದುಕೊಂಡಿದ್ದೆ. ಮರುದಿನ ಬಂದಳು, ಗಂಟು ಎರಡಿದ್ದವು. "ಅವ್ವಗ ತಂದೀನಿ," ಅಂದಳು. ಯಾರ ಅವ್ವನಿಗೆ ಎಂದು ನಾನು ಕೇಳಲಿಲ್ಲ. ಮಧ್ಯಾಹ್ನ ಒಂದೂವರೆಗೆ, ಇಡೀ ಟವರಿನಲ್ಲಿ ಲಿಫ್ಟಿನ ಸದ್ದೂ ಅಡಗಿದ ಹೊತ್ತಿನಲ್ಲಿ, ಅವರಿಬ್ಬರೂ ನೆಲದ ಮೇಲೆ ಎದುರುಬದುರು ಕೂರುತ್ತಿದ್ದರು. ಅತ್ತೆ ಬಾಲ್ಕನಿಯ ತಟ್ಟೆಯಲ್ಲೇ ಉಣ್ಣುತ್ತಿದ್ದರು, ಬೆಳ್ಳಿಯ ಅಂಚಿನ ತಮ್ಮ ಬಟ್ಟಲನ್ನು ಇಟ್ಟರೆ ದೂಡುತ್ತಿದ್ದರು. ಒಂದು ದಿನ ನಾನು ಸಾಂಬಾರು ಬಡಿಸಹೋದೆ. ಬೆರಳು ಅದ್ದಿ ನೆಕ್ಕಿ, "ಸಾರಿಗೆ ಬೆಲ್ಲ ಯಾರರೇ ಹಾಕ್ತಾರೇನ?" ಎಂದು ನಕ್ಕರು. ಮದುವೆಯಾದ ಹೊಸತರಲ್ಲಿ ಸಾಂಬಾರಿಗೆ ಬೆಲ್ಲ ಹಾಕದ್ದಕ್ಕೆ ನನ್ನನ್ನು ವಾರವಿಡೀ ಮಾತನಾಡಿಸದವರು ಇವರೇ.

ಹದಿನೈದು ದಿನದಲ್ಲಿ ಬಳೆ ಮಣಿಕಟ್ಟಿಗೆ ಇಳಿಯಿತು. ಈರುಳ್ಳಿಯ ವಾಸನೆಗೆ ಧೂಪ ಹಾಕುತ್ತಿದ್ದೆ. ಗಂಡ ಬರುವಷ್ಟರಲ್ಲಿ ನೆಲ ಒರೆಸಿರುತ್ತಿತ್ತು.

ಒಂದು ದಿನ ಗಂಡ ಯಾವುದೋ ಕಾಗದಕ್ಕೆಂದು ಮಧ್ಯಾಹ್ನವೇ ಮನೆಗೆ ಬಂದರು. ಬಾಗಿಲ ಬಳಿ ಒಂದು ಚಪ್ಪಲಿ ಕಳಚಿ, ಇನ್ನೊಂದು ಕಾಲಲ್ಲೇ ಇಟ್ಟುಕೊಂಡು ನಿಂತುಬಿಟ್ಟರು.

"ಎಂತ ಇದು? ಅಮ್ಮನಿಗೆ ಯಾರು ಕೊಟ್ಟದ್ದು ಇದನ್ನು?"

"ಬೇರೆ ಏನೂ ತಿನ್ನುವುದಿಲ್ಲ. ನಾನು ಎಷ್ಟು ಸಲ..."

"ತಿನ್ನುವುದಿಲ್ಲ ಅಂತ ಅವಳ ಎಂಜಲು ತಟ್ಟೆಯಲ್ಲಿ ಕೊಡುವುದಾ? ನಾಳೆ ಅಮ್ಮನಿಗೆ ನೆನಪು ಬಂದರೆ ನಿನ್ನ ಮುಖ ನೋಡ್ತಾರಾ?" ಕೆಲಸದವಳ ಕಡೆ ತಿರುಗಿ ಮರಾಠಿಯಲ್ಲಿ, ನಾಳೆಯಿಂದ ಬರಬೇಡ ಎಂದರು. ಅವಳು ಕನ್ನಡದವಳೆಂಬುದು ಅವರಿಗೆ ಗೊತ್ತೇ ಇರಲಿಲ್ಲ.

ಮೂರು ದಿನ ಅವಳು ಬರಲಿಲ್ಲ. ಮೂರು ದಿನವೂ ಗಂಡ ತಾವೇ ಹೋಟೆಲಿನಿಂದ ಡಬ್ಬಿ ತಂದು ಅಮ್ಮನ ಮುಂದೆ ಕೂತರು. "ಅಮ್ಮ, ಒಂದೇ ತುತ್ತು. ನೀವೇ ಕಲಿಸಿದ ಸಾಂಬಾರು ಅಲ್ವಾ?" ಬಾಯಿ ಬಿಚ್ಚಲಿಲ್ಲ. ಒಂದೂವರೆಯಾದರೆ ಅತ್ತೆ ನೆಲದ ಮೇಲೆ ಕೂತು, ಖಾಲಿ ಜಾಗದ ಕಡೆ ಮುಖ ಮಾಡಿ, ತುಂಬ ಸಣ್ಣ ದನಿಯಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು. ನಡುನಡುವೆ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು, ತಲೆಯಾಡಿಸುತ್ತಿದ್ದರು. ಮೂರನೆಯ ದಿನ ನೀರೂ ಕೆಳಗಿಳಿಯಲಿಲ್ಲ. ಡಾಕ್ಟರಿಗೆ ಫೋನು ಮಾಡಲು ಎದ್ದ ಗಂಡ, ಫೋನು ಕೆಳಗಿಟ್ಟು, ಅವಳ ಮನೆ ಎಲ್ಲಿ ಎಂದು ನನ್ನನ್ನು ಕೇಳಿದರು.

ಹಡಪಸರದ ತಗಡಿನ ಮನೆಗಳ ಸಾಲಿಗೆ ಇಬ್ಬರೂ ಹೋದೆವು. ಗಂಡ ಹೊರಗೇ ನಿಂತು, ಬಾ ಎಂದಷ್ಟೇ ಹೇಳಿದರು. ಈ ಸಲ ಕನ್ನಡದಲ್ಲಿ.

"ಬರ್ತೀನ್ರಿ," ಅಂದಳು ಅವಳು. "ಆದ್ರ ಗಂಟು ಕಟ್ಕೊಂಡು ಬರಂಗಿಲ್ಲ. ಮೂರು ದಿನದ ಹಸದ ಹೊಟ್ಟಿಗೆ ತಣ್ಣನ್ನ ರೊಟ್ಟಿ ಹಾಕಬಾರ್ದು. ನಿಮ್ಮ ಒಲಿ ಮ್ಯಾಲೆ ಬಡೀತೀನಿ."

ಗಂಡ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. "ಆಯ್ತು," ಅಂದರು.

ಅತ್ತೆಯ ಅಡುಗೆಮನೆಯಲ್ಲಿ ಅವಳು ಹಿಟ್ಟು ನಾದಿದಳು. ರೊಟ್ಟಿ ಬಡಿಯುವ ಸದ್ದು ಎದ್ದಿತು. ಒಳಕೋಣೆಯಿಂದಲೂ ಅದೇ ಸದ್ದು. ಪ್ರತಿಧ್ವನಿ ಅಂದುಕೊಂಡು ಇಣುಕಿದೆ. ಅತ್ತೆ ಹಾಸಿಗೆಯ ಮೇಲೆ ಅಂಗೈ ಬಡಿಯುತ್ತಿದ್ದರು, ಅವಳು ನಿಲ್ಲಿಸಿದಾಗ ನಿಲ್ಲಿಸಿ, ಅವಳು ತಿರುವಿದಾಗ ತಿರುವಿ. ನಡುವೆ ಒಂದು ಗೋಡೆ ಇತ್ತು.

ಗಂಡ ಬಾಗಿಲ ಚೌಕಟ್ಟಿಗೆ ಒರಗಿದರು. ಅಮ್ಮನ ಅಂಗೈಯನ್ನೇ ನೋಡುತ್ತ ಹೇಳಿದರು: "ಹೋಟೆಲು ಕಟ್ಟುವಾಗ ಅಮ್ಮ ಹೊಸ ಮದುಮಗಳು. ಅಪ್ಪ ಅವರನ್ನು ಸಿಮೆಂಟಿನ ಕಾವಲಿಗೆ ಕೂರಿಸಿ ಹೋಗ್ತಿದ್ದರಂತೆ. ಊಟ ಕಳಿಸಲಿಕ್ಕೆ ಮರೆತೇ ಹೋಗ್ತಿತ್ತು ಅಂತ ಅಪ್ಪ ನಗಾಡಿ ಹೇಳ್ತಿದ್ದರು. ಮಾರಾಯ್ತಿ ಒಂದು ದಿನವೂ ಹಸಿವು ಅಂದವಳಲ್ಲ, ಅಂತ." ಅಡುಗೆಮನೆಯ ಕಡೆ ತಿರುಗಿ, "ಆಗ ಅಲ್ಲಿ ಕಲ್ಲು ಹೊರುತ್ತಿದ್ದವರೆಲ್ಲ ಕಲಬುರಗಿ ಕಡೆಯವರು," ಅಂದರು.

ಬಿಸಿ ರೊಟ್ಟಿ ಬಂತು. ಅತ್ತೆ ಮುರಿದರು, ಊದಿದರು, ಉಂಡರು. ನಾವು ಮೂವರೂ ನಿಂತು ನೋಡುತ್ತಿದ್ದೆವು. ಎರಡನೆಯದನ್ನು ಅರ್ಧ ಮಾಡಿ, ಪಲ್ಯ ಸುತ್ತಿ, ನನ್ನ ಸೆರಗು ಹಿಡಿದು ಕೆಳಗೆ ಕೂರಿಸಿದರು. ಬಾಗಿಲಲ್ಲಿದ್ದ ಮಗನ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಾಯಿ ತಂದರು.

"ಲಗೂನ ಉಣ್ಣವಾ," ಅಂದರು. "ಯಜಮಾನ ಬಂದಾನ. ಕೇಳಿದ್ರ ಹಸಿವಿಲ್ಲ ಅನ್ನು."