ಎಮ್ಮೆಯ ತೌಡು, ಕೋಳಿಯ ಮೇವು

ನಮ್ಮದು ಲಿಂಗಪೂಜೆಯ ಮನೆ. ಕೋಳಿ ತಿನ್ನುವುದಿರಲಿ, ಅದರ ಹೊಟ್ಟೆಯೊಳಗೆ ಏನಿರುತ್ತದೆಂಬುದೂ ನನಗೆ ಗೊತ್ತಿರಲಿಲ್ಲ. ಆದರೂ ತುರ್ವಿಹಾಳದ ಕಾಲುವೆ ಪಕ್ಕದ ಹೊಲದಲ್ಲಿ ಬ್ರಾಯ್ಲರ್ ಶೆಡ್ ಹಾಕಿದೆ. ಮರಿ, ಫೀಡು ಕಂಪನಿಯದು, ಸಾಕುವುದಷ್ಟೇ ನಮ್ಮದು. ನಿಜ ಹೇಳಬೇಕೆಂದರೆ ಸಾಕುತ್ತಿದ್ದವಳು ಸಂತೆಕಲ್ಲೂರಿನಿಂದ ಬಂದು ಶೆಡ್ಡಿನ ಕೋಣೆಯಲ್ಲಿ ಉಳಿದಿದ್ದ ಒಬ್ಬ ಹೆಣ್ಣುಮಗಳು. ನನಗಿಂತ ಹಿರಿಯಳು. ನಾನು ಯವ್ವಾ ಎನ್ನುತ್ತಿದ್ದೆ, ಅವಳು ಗೌಡ್ರ ಎನ್ನುತ್ತಿದ್ದಳು.

ಆಗ ಮನೆಯಲ್ಲಿ ನಮ್ಮ ಭತ್ತದ ತೌಡು ಚೀಲಗಟ್ಟಲೆ ಬಿದ್ದಿತ್ತು. ಊರಿನದು ಹೊಟ್ಟು, ತೌಡು ಬೇರೆ ಮಾಡದ ಹಳೆಯ ಹಲ್ಲರ್ ಮಿಲ್ಲು. ತೌಡಿಗಿಂತ ಹೊಟ್ಟಿನ ಪುಡಿಯೇ ಹೆಚ್ಚು. ಎಮ್ಮೆಗಳಿಗೆ ಅದೇ ಹಾಕುತ್ತಿದ್ದೆವು. ಕಂಪನಿ ಫೀಡೋ, ಮೆಕ್ಕೆಜೋಳ, ಸೋಯಾ ಕೂಡಿ ಘಮ್ಮೆನ್ನುತ್ತಿತ್ತು. ಇದನ್ನು ಎಮ್ಮೆಗಿಟ್ಟರೆ ಹಾಲು ಗಟ್ಟಿಯಾದೀತು, ಅಷ್ಟೇ ತೌಡನ್ನು ಕೋಳಿಗೆ ಬೆರೆಸಿದರೆ ಯಾರಿಗೆ ಗೊತ್ತಾದೀತು ಎಂದು ನನ್ನ ಬುದ್ಧಿ ಹುಲ್ಲು ಮೇಯಲು ಹೋಯಿತು. ದಿನಕ್ಕೊಂದು ಚೀಲ ಬೈಕಿನ ಮೇಲೆ ನಾನೇ ಅದಲುಬದಲು ಮಾಡಿದೆ.

ಅವಳು ನೋಡಿದಳು. "ಗೌಡ್ರ, ಮರಿಗೆ ಇದು ಅರಗಂಗಿಲ್ರಿ."

"ಸುಮ್ಕಿರಬೇ ಯವ್ವಾ, ನಮ್ಮ ಎಮ್ಮಿ ಇದನ್ನ ತಿಂದು ಆನಿ ಆಗ್ಯಾವ."

ಕೋಳಿಗಳು ತಿಂದವು, ಬಗಬಗನೆ ತಿಂದವು. ಮೈ ಮಾತ್ರ ಹಿಡಿಯಲಿಲ್ಲ. ಹಿಕ್ಕೆ ನೀರಾಗಿ, ನೆಲಕ್ಕೆ ಹರಡಿದ್ದ ಹೊಟ್ಟಿನ ಹಾಸೆಲ್ಲ ಹಸಿಯಾಯಿತು. ಅವಳು ದಿನಾ ಹಾಸು ಕೆದರಿ ಕೆದರಿ ಸುಸ್ತಾದಳು.

ಸಿಂಧನೂರಿನಿಂದ ಕಂಪನಿಯ ಸೂಪರ್‌ವೈಸರ್ ಬಂದ. ನಾಲ್ಕು ಕೋಳಿ ತೂಗಿ, ಖಾಲಿ ಚೀಲಗಳತ್ತ ನೋಡಿ, "ಇಷ್ಟ್ ಫೀಡ್ ತಿಂದ ಕೋಳಿ ಏನ್ರೀ ಇವು? ಮೇವು ಎಲ್ಲಿ ಹೋಗ್ಯಾದ?" ಎಂದ.

"ಇಲ್ಲಿ ಇರಾಕಿ ಆಕಿ. ನನಗೇನ್ ಗೊತ್ರೀ?" ಎಂದುಬಿಟ್ಟೆ.

ಅವಳು ನೀರಿನ ಬಕೆಟ್ಟು ಕೆಳಗಿಟ್ಟಳು. "ಗೌಡ್ರ, ನೀವ ಹೇಳ್ರಿ" ಎಂದಳು, ಅಷ್ಟೇ. ನಾನು ಖಾಲಿ ಚೀಲ ಮಡಚತೊಡಗಿದೆ. "ಇವತ್ತ ಕಳಿಸ್ರಿ ಆಕೀನ" ಎಂದ ಅವನು. ಅವಳು ಗಂಟು ಕಟ್ಟಿಕೊಂಡು ಮಸ್ಕಿ ಬಸ್ಸು ಹತ್ತಿದಳು. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಅವಳು ಹೋದ ಮೇಲೆ ಅವನು ಸತ್ತ ಕೋಳಿಯೊಂದನ್ನು ಕೊಯ್ದ. ಅದರ ಹೊಟ್ಟೆಯೊಳಗಿನ, ಮೇವು ಅರೆಯುವ ಚೀಲದ ತುಂಬ ಹೊಟ್ಟಿನ ಪುಡಿ.

"ಇದು ಹಾಸಿನ ಹೊಟ್ಟಲ್ರೀ, ಮಿಲ್ಲಿಂದು. ಒಂಚೂರು ಇದ್ರ ಈ ಚೀಲ ಗಟ್ಟಿ ಆಗ್ತದ. ಇಷ್ಟ್ ಇದ್ರ ಕಾಳಿನ ಸತ್ವಾನೂ ಮೈಗೆ ಹತ್ತಗೊಡಲ್ಲ, ಹೊರಗ ಹೊಂಟು ಹೋಗ್ತದ. ಎಮ್ಮಿ ಮೆಲುಕು ಹಾಕ್ತದ, ನಾರು ಕರಗಿಸ್ತದ. ಕೋಳಿಗೆ ಅಷ್ಟು ಪುರಸೊತ್ತು ಎಲ್ಲದ? ತೌಡು ಹಾಕೀರೇನು?"

ಬಸ್ಸು ಇನ್ನೂ ದೂರ ಹೋಗಿರಲಿಲ್ಲ. ಬೈಕು ಅಲ್ಲೇ ಇತ್ತು. ಹೌದು ಎಂದಿದ್ದರೆ ಮುಗಿಯುತ್ತಿತ್ತು.

"ಆಕಿನೇ ಫೀಡ್ ಕದ್ದು ಅದರ ಜಾಗಕ್ಕ ತೌಡು ಹಾಕಿರಬೇಕ್ರಿ" ಎಂದೆ.

ಆ ಮಾತು ಕಾಲುವೆಗುಂಟ ಹರಿದು ಎಲ್ಲ ಶೆಡ್ಡುಗಳಿಗೂ ಮುಟ್ಟಿತು. ಅವಳಿಗೆ ಯಾರೂ ಕೆಲಸ ಕೊಡಲಿಲ್ಲ. ಹೆಸರು ಕೇಳಿದರೆ ಸಾಕು, "ಫೀಡ್ ಕದ್ದಾಕಿ" ಎನ್ನುತ್ತಿದ್ದರು. ಮನೆಯಲ್ಲಿ ಗಟ್ಟಿ ಹಾಲಿನ ಚಹಾ ಕುಡಿಯುತ್ತಾ ನಾನೂ ಅದನ್ನು ಕೇಳಿದ್ದೇನೆ.

ಕಡೆಗೆ ತಡೆಯಲಾಗದೆ ಮಸ್ಕಿಗೆ ಹೋಗಿ, ಅಲ್ಲಿಂದ ಆಟೋ ಹತ್ತಿ ಸಂತೆಕಲ್ಲೂರಿಗೆ ಹೋದೆ. ಅವಳು ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಎದ್ದು ನೀರು ಕೊಟ್ಟಳು. ಕುಡಿಯಲು ನಾಚಿಕೆಯಾಯಿತು.

"ಯವ್ವಾ, ತೌಡು ಹಾಕ್ದಾಂವ ನಾನ. ಫೀಡ್ ಒಯ್ದಾಂವನೂ ನಾನ. ತಪ್ಪಾತು" ಎಂದೆ.

"ನನಗ ಗೊತ್ತಿರೋದನ್ನ ನನಗ ಹೇಳಾಕ ಇಷ್ಟ್ ದೂರ ಬಂದೀರೇನ್ರಿ?" ಮೊರ ಕೆಳಗಿಟ್ಟಳು. "ಅವತ್ತ ನಾ ಬಾಯಿ ಬಿಟ್ಟಿದ್ರ ಯಾರ್ ನಂಬ್ತಿದ್ರು? ಈ ಮಾತು ಇಲ್ಲಲ್ರಿ ಗೌಡ್ರ, ತುರ್ವಿಹಾಳದಾಗ ಹೇಳ್ರಿ. ನಾಕ್ ಮಂದಿ ಮುಂದ."

"ಹೇಳ್ತೀನಿ ಯವ್ವಾ" ಎಂದು ಅವಳ ಕಾಲು ಮುಟ್ಟಿದೆ.

ತುರ್ವಿಹಾಳದಲ್ಲಿ ಬಸ್ಸಿಳಿದಾಗ ಚಹಾದಂಗಡಿಯ ಮುಂದೆ ಶೆಡ್ಡಿನವರೆಲ್ಲ ಕೂತಿದ್ದರು. ನಾಲ್ಕಲ್ಲ, ಹತ್ತು ಮಂದಿ. ಒಬ್ಬ ಸರಿದು ಜಾಗ ಕೊಟ್ಟ.

"ಬರ್ರಿ ಗೌಡ್ರ. ಎಲ್ಲಿಗೆ ಹೋಗಿದ್ರಿ?"

"ಇಲ್ಲೇ ಮಸ್ಕಿಗೆ," ಎಂದೆ, "ಎಮ್ಮಿ ನೋಡಾಕ."